ಮಾಡಿಸಿದವರು ಮತ್ತು ಮಾಡಿದವರು: ತುಳುನಾಡಿನ ಶಿಲಾಕರ್ಮದ ಒಂದು ವಿಚಾರ

ಕನ್ನಡದಲ್ಲಿ ಧಾತುವಿನ ಮೇಲೆ 'ಇಸು' ಎಂಬೊಂದು ಪ್ರತ್ಯಯವು ಬಂದ ಮಾತ್ರಕ್ಕೆ ವಾಕ್ಯದ ಕರ್ತೃವೇ ಬೇರೆಯಾಗಿಬಿಡುತ್ತಾನೆ. 'ಮಾಡಿದನು' ಎಂದರೆ ಕೆಲಸವು ಅವನ ಕೈಯದು. 'ಮಾಡಿಸಿದನು' ಎಂದರೆ ಇಚ್ಛೆಯೂ ದ್ರವ್ಯವೂ ಅವನವು, ಕೈ ಇನ್ನೊಬ್ಬನದು. ಸಂಸ್ಕೃತ ವೈಯಾಕರಣರು ಮಾಡಿಸುವವನನ್ನು ಪ್ರಯೋಜಕನೆಂದೂ, ಅವನ ಪ್ರೇರಣೆಯಿಂದ ಮಾಡುವವನನ್ನು ಪ್ರಯೋಜ್ಯನೆಂದೂ ಕರೆದರು. ಇಂತಹ ವಾಕ್ಯದಲ್ಲಿ ಪ್ರಯೋಜಕನಿಗೆ ಪ್ರಥಮಾ ವಿಭಕ್ತಿಯ ಅಗ್ರಾಸನವು ದೊರೆಯುತ್ತದೆ. ಪ್ರಯೋಜ್ಯನಾದರೋ ಸಾಮಾನ್ಯವಾಗಿ ತೃತೀಯೆಗೆ ಇಳಿಯುತ್ತಾನೆ. ಕೊಡಲಿಯಿಂದ ಕಡಿದನು ಎಂಬಲ್ಲಿ ಕೊಡಲಿಯು ಇರುವ ಸ್ಥಾನವೇ ಅವನಿಗೂ. ಅವನನ್ನು ಹೇಳದೆಯೇ ಬಿಟ್ಟರೂ ವಾಕ್ಯಕ್ಕೆ ನ್ಯೂನತೆ ಇಲ್ಲ. ವ್ಯಾಕರಣದ ಈ ಸಣ್ಣ ಸೌಕರ್ಯವು ಇತಿಹಾಸದಲ್ಲಿ ಎಷ್ಟು ದೊಡ್ಡ ಮರೆವಿಗೆ ಕಾರಣವಾಗಿದೆ ಎಂಬುದನ್ನು ಅರಿಯಬೇಕಾದರೆ ತುಳುನಾಡಿನ ಶಿಲಾಕೃತಿಗಳ ಮುಂದೆ ನಿಂತು ನೋಡಬೇಕು.

ಪಶ್ಚಿಮ ಘಟ್ಟಕ್ಕೂ ಕಡಲಿಗೂ ನಡುವಣ ಈ ನಾಡು ಕಲ್ಲಿನ ಕೆಲಸಕ್ಕೆ ಸಹಜವಾಗಿ ಒದಗಿದ ಭೂಮಿಯೆಂದು ಹೇಳಲಾಗದು. ಇಲ್ಲಿ ಎಲ್ಲೆಲ್ಲಿಯೂ ದೊರೆಯುವುದು ಮುರಕಲ್ಲು. ನೆಲದಿಂದ ತೆಗೆಯುವಾಗ ಅದು ಕೊಡಲಿಯ ಏಟಿಗೂ ಬಗ್ಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲುಗಳು ತಾಗಿದಂತೆ ಗಟ್ಟಿಯಾಗುತ್ತದೆ. ಗೋಡೆಗೆ, ಅಡಿಪಾಯಕ್ಕೆ, ಬಾವಿಯ ಕಟ್ಟೆಗೆ ಇದರಂತಹ ವಸ್ತುವಿಲ್ಲ. ಆದರೆ ಮೈತುಂಬ ತೂತುಗಳಿರುವ ಈ ಕಲ್ಲಿನಲ್ಲಿ ಕಣ್ಣು, ತುಟಿ, ಬೆರಳುಗಳನ್ನು ತಿದ್ದುವ ಬಗೆಯೆಂತು? ಅದಕ್ಕೆ ಕರಿಕಲ್ಲೇ ಬೇಕು. ಆ ಕರಿಕಲ್ಲಿನ ಬೃಹತ್ ಬಂಡೆಗಳು ಘಟ್ಟದ ಬುಡಕ್ಕೆ ಸಮೀಪವಾದ ಕಾರ್ಕಳದ ಸುತ್ತಿನಲ್ಲಿ ನೆಲವನ್ನು ಭೇದಿಸಿ ಎದ್ದು ನಿಂತಿವೆ. ಊರಿಗೆ ಕಾರ್ಕಳವೆಂಬ ಹೆಸರು ಬಂದುದೇ ಕರಿಕಲ್ಲಿನಿಂದ ಎಂದು ಅಲ್ಲಿಯ ಜನರು ಹೇಳುವುದುಂಟು.

ಕಲ್ಲಿನಷ್ಟೇ ಮಳೆಯೂ ಇಲ್ಲಿಯ ಶಿಲ್ಪಿಗೆ ಗುರುವಾಯಿತು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ, ಬಯಲುಸೀಮೆಯ ದೇವಾಲಯಗಳ ಚಪ್ಪಟೆಯಾದ ಮಾಳಿಗೆಯು ನಿಲ್ಲುವಂತಿಲ್ಲ. ಆದುದರಿಂದ ಇಲ್ಲಿಯವರು ಮನೆಯ ಇಳಿಜಾರು ಮಾಡನ್ನೇ ದೇವರ ಮನೆಗೂ ತಂದರು. ಮರದ ತೊಲೆ, ಜಂತಿ, ಹಲಗೆಗಳ ಜೋಡಣೆಯನ್ನು ಕಲ್ಲಿಗೆ ಇಳಿಸಿದರು. ಮೂಡಬಿದಿರೆಯ ಬಸದಿಗಳನ್ನು ಕಂಡ ಜೇಮ್ಸ್ ಫರ್ಗುಸನ್ನನು ಅವುಗಳ ಮಾಡಿನ ಅಂತಸ್ತುಗಳಲ್ಲಿ ನೇಪಾಳದ ಕಟ್ಟಡಗಳ ಹೋಲಿಕೆಯನ್ನು ಗುರುತಿಸಿ ಅಚ್ಚರಿಪಟ್ಟನು. ಆದರೆ ಹೋಲಿಕೆಗೆ ಅಷ್ಟು ದೂರ ಹೋಗಬೇಕಾದ ಅಗತ್ಯ ಕಾಣದು. ಮಳೆ ಒಂದೇ ಆದ ಮೇಲೆ ಮಾಡೂ ಒಂದೇ ಆಗುವುದು ಸಹಜವಷ್ಟೆ. ಕಲ್ಲಿನವನು ಬಡಗಿಯಿಂದ ಕಲಿತನೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಹದಿನೈದನೆಯ ಶತಮಾನದ ಮೂರನೆಯ ನಾಲ್ಕನೆಯ ದಶಕಗಳಲ್ಲಿ ಈ ವಿದ್ಯೆಯು ಒಮ್ಮೆಗೇ ಹೂಬಿಟ್ಟಿತು. ವಿಜಯನಗರದಲ್ಲಿ ಇಮ್ಮಡಿ ದೇವರಾಯನು ಆಳುತ್ತಿದ್ದಾಗ, ೧೪೩೦ರಲ್ಲಿ, ಮೂಡಬಿದಿರೆಯಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿಯು ನಿರ್ಮಾಣವಾಯಿತು. ಜನರು ಸಾವಿರ ಕಂಬದ ಬಸದಿಯೆಂದು ಕರೆಯುವುದು ಇದನ್ನೇ. ಮೂರು ಅಂತಸ್ತಿನ ಈ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂಬ ಮಾತು ಪ್ರಸಿದ್ಧವಾದುದು. ಎರಡೇ ವರ್ಷಗಳ ಬಳಿಕ, ಶಾಲಿವಾಹನ ಶಕ ೧೩೫೩ರ ಫಾಲ್ಗುಣ ಶುದ್ಧ ದ್ವಾದಶಿಯಂದು, ಎಂದರೆ ಕ್ರಿಸ್ತಶಕ ೧೪೩೨ನೆಯ ಫೆಬ್ರವರಿ ೧೩ರಂದು, ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯ ಪ್ರತಿಷ್ಠೆಯಾಯಿತು. ಮಾಡಿಸಿದವನು ಭೈರರಸರ ವಂಶದ ವೀರಪಾಂಡ್ಯನು. ಪ್ರೇರಣೆ ನೀಡಿದವರು ಪನಸೋಗೆಯ ಪರಂಪರೆಯ ಲಲಿತಕೀರ್ತಿ ಮುನಿಗಳು. ಮುಂದೆ ೧೪೩೬ರಲ್ಲಿ ಅದೇ ಅರಸನು ಬಾಹುಬಲಿಯ ಎದುರಿಗೆ ಬ್ರಹ್ಮದೇವರ ಕಂಬವನ್ನು ನಿಲ್ಲಿಸಿದನು.

ಕಾರ್ಕಳದ ವಿಗ್ರಹದ ಎತ್ತರ ಸುಮಾರು ೪೨ ಅಡಿ. ಒಂದೇ ಬಂಡೆ. ಶಿಲ್ಪಶಾಸ್ತ್ರವು ಪ್ರತಿಮೆಯನ್ನು ಅಳೆಯುವುದು ಮೊಳದಿಂದಲ್ಲ, ಅದರದೇ ಮುಖದ ಉದ್ದದಿಂದ. ಹನ್ನೆರಡು ಅಂಗುಲಗಳ ಆ ಪ್ರಮಾಣಕ್ಕೆ ತಾಳವೆಂದು ಹೆಸರು. ಗೇಣುದ್ದದ ವಿಗ್ರಹಕ್ಕೂ ಗಿರಿಯಂತಹ ವಿಗ್ರಹಕ್ಕೂ ಲೆಕ್ಕ ಒಂದೇ ಎಂದು ಶಾಸ್ತ್ರವು ಹೇಳಿದರೂ ಕೈಗೆ ಅದು ಒಂದೇ ಆಗುವುದಿಲ್ಲ. ಗೇಣುದ್ದದ ವಿಗ್ರಹವನ್ನು ಶಿಲ್ಪಿಯು ಅಂಗೈಯಲ್ಲಿಟ್ಟು ತಿರುಗಿಸಿ ನೋಡಬಲ್ಲನು. ೪೨ ಅಡಿಯ ವಿಗ್ರಹದ ಕೆನ್ನೆಯನ್ನು ಕಡೆಯುವವನಿಗೆ ಗಲ್ಲವೇ ಕಾಣಿಸದು. ಅವನು ಕಾವಿಯ ಗೆರೆಯನ್ನೂ ನೂಲಿನ ಗುಂಡನ್ನೂ ನಂಬಿ, ಕಾಣದ ಮುಖವನ್ನು ಮನಸ್ಸಿನಲ್ಲಿ ಇರಿಸಿಕೊಂಡು ಉಳಿಯಿಡಬೇಕು. ಒಂದು ಏಟು ಹೆಚ್ಚಾಗಿ ಚಕ್ಕೆಯೆದ್ದರೆ ಅದನ್ನು ಮರಳಿ ಕೂಡಿಸುವ ಉಪಾಯವಿಲ್ಲ. ಉಳಿಯ ಮೊನೆಯೋ ಕರಿಕಲ್ಲಿನ ಮೇಲೆ ಬಹು ಬೇಗ ಸವೆಯುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿ ಮತ್ತೆ ಹದಕ್ಕೆ ತರಬೇಕು. ಆದುದರಿಂದ ಒಬ್ಬ ಶಿಲ್ಪಿಯ ಹಿಂದೆ ಕಮ್ಮಾರನಿದ್ದನು, ಇದ್ದಿಲು ಸುಡುವವನಿದ್ದನು, ಬಂಡೆ ಸೀಳುವವರಿದ್ದರು, ಹಗ್ಗ ಹೊಸೆಯುವವರಿದ್ದರು. ಬಾಹುಬಲಿಯನ್ನು ಬೇರೆಡೆಯಲ್ಲಿ ಕಡೆದು ಬಂಡಿಯ ಮೇಲೇರಿಸಿ ಬೆಟ್ಟಕ್ಕೆ ಎಳೆತಂದರೆಂಬುದು ಪರಂಪರೆಯ ಹೇಳಿಕೆ. ಹದಿನೇಳನೆಯ ಶತಮಾನದ ಕವಿ ಚಂದ್ರಮನ ಕಾರ್ಕಳದ ಗೊಮ್ಮಟೇಶ್ವರ ಚರಿತೆಯು ಈ ಪ್ರತಿಮೆಯ ಕಥೆಗೇ ಮೀಸಲಾದ ಕಾವ್ಯ. ಬಂಡಿಯನ್ನು ಎಳೆದ ಕೈಗಳನ್ನು ಎಣಿಸಿದವರಾರು?

ಇಷ್ಟೊಂದು ಜನರು ಸೇರಿ ಮಾಡಿದ ಈ ಕಾರ್ಯದ ಪ್ರತಿಷ್ಠಾಶಾಸನದಲ್ಲಿ ಅರಸನಿದ್ದಾನೆ, ಅವನ ತಂದೆಯಿದ್ದಾನೆ, ಗುರುವಿದ್ದಾರೆ, ಸಂವತ್ಸರ ಮಾಸ ತಿಥಿಗಳಿವೆ. ಉಳಿ ಹಿಡಿದವನು ಮಾತ್ರ ಇಲ್ಲ. ಇದು ಭೈರರಸರೊಬ್ಬರ ದೋಷವಲ್ಲ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಯಲ್ಲಿ ನಿಂತ ಮಹಾಮೂರ್ತಿಯ ಪಾದದ ಬಳಿಯಲ್ಲಿಯೂ ಇರುವುದು ಚಾವುಂಡರಾಯನ ಹೆಸರು ಮತ್ತು 'ಮಾಡಿಸಿದ' ಎಂಬ ಕ್ರಿಯಾಪದ.

ಹಾಗೆಂದು ಕನ್ನಡ ನಾಡಿನಲ್ಲಿ ಶಿಲ್ಪಿಯು ಎಲ್ಲಿಯೂ ತನ್ನ ಹೆಸರನ್ನು ಬರೆದುಕೊಳ್ಳಲಿಲ್ಲವೆಂದು ತಿಳಿಯಲಾಗದು. ಘಟ್ಟದ ಮೇಲೆ, ಹೊಯ್ಸಳರ ಕಾಲದಲ್ಲಿ, ಸಂಪ್ರದಾಯವು ಬೇರೆಯಾಗಿತ್ತು. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಂತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಹದಿಮೂರನೆಯ ಶತಮಾನದ ರೂವಾರಿ ಮಲ್ಲಿತಮ್ಮನು ನುಗ್ಗೇಹಳ್ಳಿಯಿಂದ ಸೋಮನಾಥಪುರದವರೆಗೆ ಹಲವು ಊರುಗಳಲ್ಲಿ ಹೆಸರು ಬಿಟ್ಟು ಹೋದುದರಿಂದ, ಅವನ ಕೈ ಹೇಗೆ ಬೆಳೆಯಿತೆಂಬುದನ್ನೂ ಇಂದು ವಿದ್ವಾಂಸರು ಹಿಂಬಾಲಿಸಬಲ್ಲರು. ಅಲ್ಲಿಯ ಬಳಪದ ಕಲ್ಲು ಮೃದುವಾದುದು. ಒಂದೊಂದು ಮೂರ್ತಿಯೂ ಒಬ್ಬೊಬ್ಬನ ಕೈಗೆ ಒಪ್ಪಿಸುವಷ್ಟು ಚಿಕ್ಕದು. ಹೆಸರು ಬರೆಯುವುದು ಅಲ್ಲಿ ಸುಲಭವೂ ಆಗಿತ್ತು, ಉಚಿತವೂ ಆಗಿತ್ತು. ಕರಾವಳಿಯ ಗೊಮ್ಮಟನಾದರೋ ಒಬ್ಬನ ಕೃತಿಯಲ್ಲ. ಕಾಲಿನ ಮೇಲೆ ಹಬ್ಬಿದ ಬಳ್ಳಿಯ ಎಲೆಯೊಂದನ್ನು ಕಡೆದವನು ಅದರ ಕೆಳಗೆ ತನ್ನ ಹೆಸರನ್ನು ಬರೆಯುವಂತಿಲ್ಲ. ಶಿಲ್ಪಿಯ ಮೌನಕ್ಕೆ ಇದೂ ಒಂದು ಕಾರಣವಾಗಿರಬಹುದು.

ಆದರೆ ಶಾಸನವು ಮರೆತುದನ್ನು ಜನರು ಮರೆಯಲಿಲ್ಲ. ತುಳುನಾಡಿನಲ್ಲಿ ಗೊಮ್ಮಟನನ್ನು ಕಡೆದವನ ಹೆಸರು ಕಲ್ಲಿನಲ್ಲಿಲ್ಲದಿದ್ದರೂ ಬಾಯಿಯಲ್ಲಿದೆ. ಅವನು ಬೀರ ಕಲ್ಕುಡನು. ಕನ್ನಡದ ಕಲ್ಕುಟಿಗನೆಂಬ ಮಾತಿಗೂ ತುಳುವಿನ ಈ ಹೆಸರಿಗೂ ಇರುವ ನಂಟು ಮೇಲ್ನೋಟಕ್ಕೇ ತಿಳಿಯುತ್ತದೆ. ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿಯರ ಕಥೆಯನ್ನು ತುಳುವರು ಪಾಡ್ದನಗಳಲ್ಲಿ ಹಾಡುತ್ತಾರೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಮೆನ್ನರನು ೧೮೮೬ರಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಅಚ್ಚು ಮಾಡಿಸಿದನು. ಬರ್ನೆಲ್ಲನು ಕೂಡಿಸಿದ್ದ ಪಾಡ್ದನಗಳು ಅವನು ತೀರಿಕೊಂಡ ಮೇಲೆ ೧೮೯೪ರಿಂದ ಒಂದು ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾದುವು. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವಾದರೂ ಕಥೆಯ ಹಂದರವು ಇಂತಿದೆ.

ಶಂಭು ಕಲ್ಕುಡನೆಂಬ ಶಿಲ್ಪಿಯು ಬಸುರಿಯಾದ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಅರಸನ ಕರೆಗೆ ಓಗೊಟ್ಟು ಬೆಳಗೊಳಕ್ಕೆ ಹೋಗುತ್ತಾನೆ. ಕೆಲಸವು ಮುಗಿಯುವುದೇ ಇಲ್ಲ. ಅವನು ಮರಳುವುದೂ ಇಲ್ಲ. ಮನೆಯಲ್ಲಿ ಹುಟ್ಟಿ ಬೆಳೆದ ಮಗ ಬೀರನು ತಂದೆಯನ್ನು ಅರಸುತ್ತ ಹೊರಡುತ್ತಾನೆ. ತಂದೆಯ ಕೆಲಸದಲ್ಲಿ ಮಗನು ದೋಷವನ್ನು ತೋರಿಸಿದನೆಂದೂ, ಅದು ತಂದೆಯ ಸಾವಿನಲ್ಲಿ ಕೊನೆಗೊಂಡಿತೆಂದೂ ಕೆಲವು ಪಾಠಗಳಲ್ಲಿದೆ. ಘಟ್ಟದ ಮೇಲಣ ಜಕಣಾಚಾರಿ ಡಂಕಣಾಚಾರಿಯರ ಕಥೆಯನ್ನು ಬಲ್ಲವರಿಗೆ ಈ ಭಾಗವು ಅಪರಿಚಿತವಲ್ಲ. ಬಳಿಕ ಬೀರ ಕಲ್ಕುಡನು ತಂದೆಯ ಹತ್ಯಾರುಗಳನ್ನು ಹೊತ್ತು ಕಾರ್ಕಳಕ್ಕೆ ಬರುತ್ತಾನೆ. ಭೈರರಸನಿಗಾಗಿ ಬಸದಿಗಳನ್ನೂ ಗೊಮ್ಮಟನನ್ನೂ ನಿರ್ಮಿಸುತ್ತಾನೆ. ಕೆಲಸವನ್ನು ಕಂಡು ಅರಸನು ಬೆರಗಾಗುತ್ತಾನೆ. ಬೆರಗಿನ ಹಿಂದೆಯೇ ಭಯವು ಹುಟ್ಟುತ್ತದೆ: ಇಂತಹುದೇ ಇನ್ನೊಂದನ್ನು ಇವನು ಬೇರೊಬ್ಬ ಅರಸನಿಗೆ ಮಾಡಿಕೊಟ್ಟರೆ? ಉಡುಗೊರೆಯ ಬದಲು ಶಿಲ್ಪಿಯ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ.

ಕಥೆಯು ಅಲ್ಲಿಗೆ ನಿಲ್ಲುವುದಿಲ್ಲ. ಉಳಿದ ಒಂದು ಕೈ ಒಂದು ಕಾಲುಗಳಿಂದ ಬೀರನು ವೇಣೂರನ್ನು ಸೇರುತ್ತಾನೆ. ಅಲ್ಲಿಯ ಅಜಿಲರ ಆಶ್ರಯದಲ್ಲಿ ಮತ್ತೊಬ್ಬ ಗೊಮ್ಮಟನನ್ನು ಎಬ್ಬಿಸುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿಯು ಅವನ ಅವಸ್ಥೆಯನ್ನು ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ; ಕಾರ್ಕಳಕ್ಕೆ ಬೆಂಕಿಯಿಕ್ಕಿ ಅರಸನನ್ನು ಕಾಡುತ್ತಾರೆ. ಅಂದಿನಿಂದ ಅವರಿಗೆ ಕೋಲ ನೇಮಗಳು ಸಲ್ಲುತ್ತ ಬಂದಿವೆ. ಬಂಟ್ವಾಳದ ಬಳಿಯ ಪಣೋಲಿಬೈಲಿನಲ್ಲಿ ಇಂದಿಗೂ ಈ ಅಣ್ಣ ತಂಗಿಯರ ಸನ್ನಿಧಿಗೆ ಜನರು ಹರಕೆ ಹೊತ್ತು ಬರುತ್ತಾರೆ.

ಇತಿಹಾಸಕಾರನು ಈ ಕಥೆಯನ್ನು ಕೈಗೆತ್ತಿಕೊಂಡೊಡನೆ ಅದರ ಕಾಲಗಣನೆಯು ಕುಸಿದುಬೀಳುತ್ತದೆ. ಬೆಳಗೊಳದ ಮೂರ್ತಿಯು ಹತ್ತನೆಯ ಶತಮಾನದ್ದು, ಕಾರ್ಕಳದ್ದು ೧೪೩೨ರದು, ವೇಣೂರಿನದು ೧೬೦೪ರದು. ಬೆಳಗೊಳದಲ್ಲಿ ದುಡಿದವನ ಮಗನು ಕಾರ್ಕಳದಲ್ಲಿ ಕೆಲಸ ಮಾಡಿರಲಾರನು. ಕಾರ್ಕಳದಲ್ಲಿ ಕೈಯನ್ನು ಕಳೆದುಕೊಂಡವನು ೧೭೨ ವರ್ಷಗಳ ಮೇಲೆ ವೇಣೂರಿನಲ್ಲಿ ಉಳಿಯೆತ್ತಿರಲಾರನು. ವೀರಪಾಂಡ್ಯನು ಇಂತಹ ಕ್ರೌರ್ಯವನ್ನು ಎಸಗಿದನೆನ್ನುವುದಕ್ಕೆ ಶಾಸನದ ಆಧಾರವಿಲ್ಲ. ಕೆಲಸವು ಮುಗಿದ ಮೇಲೆ ಕುಶಲಿಯ ಕೈಯನ್ನು ಕಡಿಸಿದ ಕಥೆಯನ್ನು ಆಗ್ರದ ತಾಜಮಹಲಿಗೂ ಜನರು ಅಂಟಿಸಿದ್ದಾರೆ. ಆದುದರಿಂದ ಆಧಾರವಿಲ್ಲದೆ ಅರಸನೊಬ್ಬನ ಮೇಲೆ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ.

ಇಷ್ಟನ್ನು ಹೇಳಿ ಪಾಡ್ದನವನ್ನು ಬದಿಗೆ ಸರಿಸಿದರೆ ವಿಮರ್ಶೆಯು ಮುಗಿಯಿತೆಂದು ಕೆಲವರು ಭಾವಿಸುವರು. ಆದರೆ ತಿಥಿಯು ತಪ್ಪಾದ ಮಾತ್ರಕ್ಕೆ ಸಾಕ್ಷಿಯು ಪೂರ್ತಿ ಸುಳ್ಳಾಗದು. ತುಳುನಾಡು ಅಂದು ಚಿಕ್ಕ ಚಿಕ್ಕ ಅರಸುಮನೆತನಗಳ ನಾಡಾಗಿತ್ತು. ಕಾರ್ಕಳದಲ್ಲಿ ಭೈರರಸರು, ಮೂಡಬಿದಿರೆಯ ಸೀಮೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲಿ ಬಂಗರು, ಮೂಲ್ಕಿಯಲ್ಲಿ ಸಾವಂತರು. ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಒಂದು ಹಗಲಿನ ನಡಿಗೆಯೇ ಸಾಕಾಗುತ್ತಿದ್ದ ಎಡೆಗಳುಂಟು. ಇಂತಹ ನಾಡಿನಲ್ಲಿ ಒಬ್ಬನ ಕೀರ್ತಿಯು ಇನ್ನೊಬ್ಬನ ಅಂಗಳದಿಂದಲೇ ಕಾಣುತ್ತದೆ. ಹೊನ್ನಿದ್ದವರು ಹಲವರು; ಗೊಮ್ಮಟನನ್ನು ಎಬ್ಬಿಸಬಲ್ಲ ಕೈಗಳು ಕೆಲವೇ. ಶಿಲ್ಪಿಯ ಕೈ ಅರಸನಿಗೆ ನಿಧಿಯೂ ಹೌದು, ನೆರೆಯವನ ಪಾಲಾಗಬಹುದಾದ ಭಯವೂ ಹೌದು. ಪಾಡ್ದನವು ಹೇಳುವ ಅಸೂಯೆಗೆ ಸಮಾನವಾದ ಮಾತೊಂದು ವೇಣೂರಿನ ಐತಿಹ್ಯದಲ್ಲಿಯೂ ಇದೆ. ಅಜಿಲರ ಗೊಮ್ಮಟನು ಏಳುವನೆಂದು ಕೇಳಿ ಕಾರ್ಕಳದ ಅರಸನು ತಡೆಯಲೆತ್ತಿಸಿದನೆಂದೂ, ವಿಗ್ರಹವನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದರೆಂದೂ ಹೇಳುತ್ತಾರೆ. ಎರಡು ಕಥೆಗಳೂ ಒಂದೇ ಸಂಗತಿಯನ್ನು ನುಡಿಯುತ್ತವೆ. ಮೂರ್ತಿಯು ನಿಂತ ಸ್ಥಳದಲ್ಲಿ ಭಕ್ತಿಯ ಜೊತೆಯಲ್ಲಿ ಸ್ಪರ್ಧೆಯೂ ಇತ್ತು. ಆ ಸ್ಪರ್ಧೆಯ ಭಾರವನ್ನು ಹೊತ್ತವನು ಕಲ್ಲಿನವನು.

ಇನ್ನೂ ಒಂದು ಮಾತು. ಪಾಡ್ದನದ ಶಿಲ್ಪಿಗೆ ಕೈ ಕಡಿದ ಮೇಲೆಯೂ ವಿದ್ಯೆಯು ಉಳಿಯುತ್ತದೆ. ಕರಕುಶಲವೆಂಬ ಮಾತಿನಲ್ಲಿ ಕರವಿದ್ದರೂ ಕೌಶಲವು ಕೇವಲ ಕರದಲ್ಲಿಲ್ಲವೆಂಬುದನ್ನು ಹಾಡಿದವರು ಬಲ್ಲರು. ಅವರು ಹಾಡಿದುದು ಅರಮನೆಯಲ್ಲಲ್ಲ, ಗದ್ದೆಯ ಬದುವಿನಲ್ಲಿ ಮತ್ತು ದೈವದ ಕಳದಲ್ಲಿ. ಶಾಸನದಲ್ಲಿ ತೃತೀಯೆಗೂ ಸಲ್ಲದೆ ಹೋದವನನ್ನು ಅವರು ಪ್ರಥಮೆಗೆ ತಂದು, ಆ ಬಳಿಕ ದೈವಪದವಿಗೇ ಏರಿಸಿದರು.

ಹಾಗಾದರೆ ೧೪೩೨ರ ವಿದ್ಯೆಯು ೧೬೦೪ರವರೆಗೆ ಉಳಿದು ಬಂದುದು ಹೇಗೆ? ಆರೇಳು ತಲೆಮಾರುಗಳ ಈ ಅವಧಿಯಲ್ಲಿ ತುಳುನಾಡಿನಲ್ಲಿ ಇಂತಹ ಇನ್ನೊಬ್ಬ ಮಹಾಗೊಮ್ಮಟನು ಏಳಲಿಲ್ಲ. ಒಬ್ಬ ಶಿಲ್ಪಿಯ ಆಯುಷ್ಯದಲ್ಲಿ ಒಮ್ಮೆಯೂ ಒದಗದ ಕೆಲಸವನ್ನು ಮಗನಿಗೆ ಕಲಿಸುವ ಬಗೆಯೆಂತು? ಉತ್ತರವು ಗೊಮ್ಮಟರಲ್ಲಿಲ್ಲ, ಅವರ ಸುತ್ತಣ ಸಣ್ಣ ಕೆಲಸಗಳಲ್ಲಿದೆ. ಮೂಡಬಿದಿರೆಯೊಂದರಲ್ಲಿಯೇ ೧೮ ಬಸದಿಗಳಿವೆ. ಕಾರ್ಕಳದ ಹಿರಿಯಂಗಡಿಯಲ್ಲಿ ಬಸದಿಯ ಮುಂದೆ ಎತ್ತರವಾದ ಮಾನಸ್ತಂಭವಿದೆ. ೧೫೮೬ರಲ್ಲಿ ಇಮ್ಮಡಿ ಭೈರರಸನು ಗೊಮ್ಮಟನ ಬೆಟ್ಟಕ್ಕೆ ಎದುರಾದ ಬಂಡೆಯ ಮೇಲೆ ಚತುರ್ಮುಖ ಬಸದಿಯನ್ನು ಮಾಡಿಸಿದನು. ಅದಕ್ಕೆ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಬಾಗಿಲುಗಳು. ಯಾವ ಬಾಗಿಲಿನಿಂದ ಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಅದೇ ಕ್ರಮದಲ್ಲಿ ಎದುರಾಗುತ್ತಾರೆ. ಅದರ ಕಂಬಗಳು ೧೦೮ ಎಂದು ಎಣಿಕೆ. ಮಾಡಿಗೂ ಕಲ್ಲಿನ ಚಪ್ಪಡಿಗಳೇ. ಇವಲ್ಲದೆ ಗುಡಿಗಳ ಮೆಟ್ಟಿಲುಗಳು, ದೀಪದ ಕಂಬಗಳು, ಬಲಿಕಲ್ಲುಗಳು, ನಾಗನ ಕಲ್ಲುಗಳು, ಕೆರೆಯ ತೂಬುಗಳು, ಅಡುಗೆಮನೆಯ ಅರೆಯುವ ಕಲ್ಲುಗಳು. ಕೂಳು ಹುಟ್ಟಿಸಿದವು ಇವು. ಬಾಲಕನು ಉಳಿ ಹಿಡಿಯಲು ಕಲಿತುದು ಅರೆಯುವ ಕಲ್ಲಿನಲ್ಲಿ, ಗೆರೆ ಕಲಿತುದು ಕಂಬದಲ್ಲಿ, ಪ್ರಮಾಣ ಕಲಿತುದು ಚಿಕ್ಕ ವಿಗ್ರಹದಲ್ಲಿ. ನೂರು ಕಂಬಗಳನ್ನು ಕಡೆದ ವಂಶದಲ್ಲಿ ಒಬ್ಬನಿಗೆ ಒಮ್ಮೆ ಗೊಮ್ಮಟನ ಯೋಗವು ಬರುತ್ತದೆ. ಎಂದಮೇಲೆ ಗೊಮ್ಮಟನನ್ನು ಸಾಧ್ಯವಾಗಿಸಿದುದು ಅರಸನ ಒಂದು ದಿನದ ಸಂಕಲ್ಪಕ್ಕಿಂತ ಹೆಚ್ಚಾಗಿ ಊರವರ ನಿತ್ಯದ ಬೇಡಿಕೆ ಎನ್ನಬೇಕು.

ಹೀಗೆ ಸಿದ್ಧವಾಗಿದ್ದ ಕೈಗಳನ್ನು ೧೬೦೪ರಲ್ಲಿ ಕರೆದವನು ವೇಣೂರಿನ ತಿಮ್ಮಣ್ಣ ಅಜಿಲನು. ಬೆಳಗೊಳದ ಚಾರುಕೀರ್ತಿ ಗುರುಗಳ ಉಪದೇಶದಿಂದ ಅವನು ಫಲ್ಗುಣಿಯ ದಡದಲ್ಲಿ ಸುಮಾರು ೩೫ ಅಡಿಯ ಬಾಹುಬಲಿಯನ್ನು ನಿಲ್ಲಿಸಿದನು. ಕಾರ್ಕಳದ ಮೂರ್ತಿಗಿಂತ ಇದು ಚಿಕ್ಕದು. ಬೆಟ್ಟದ ಮೇಲಿರದೆ ಸಮನೆಲದಲ್ಲಿ ನಿಂತಿದೆ. ಕೆನ್ನೆಯಲ್ಲಿ ಗುಳಿ ಬೀಳುವಂತಹ ಮುಗುಳುನಗೆಯನ್ನು ಇದರ ಮುಖದಲ್ಲಿ ಹಿಂದಿನ ಪ್ರವಾಸಿಗಳೂ ಗುರುತಿಸಿದ್ದರು. ಈ ನಗೆಯನ್ನು ಕಡೆದವನ ಹೆಸರೂ ಶಾಸನದಲ್ಲಿಲ್ಲ.

ವೇಣೂರಿನ ಬಳಿಕ ನಿತ್ಯದ ಬೇಡಿಕೆಯೂ ಕುಗ್ಗಿತು. ಅರಸುಮನೆತನಗಳು ಒಂದೊಂದಾಗಿ ಬಲಗುಂದಿದುವು. ಇಕ್ಕೇರಿಯ ನಾಯಕರು ಬಂದರು. ಹೈದರ ಟಿಪ್ಪುಗಳು ಬಂದರು. ೧೭೯೯ರ ಬಳಿಕ ಕಂಪೆನಿಯ ಆಳಿಕೆ ಬಂದಿತು. ಬಸದಿಗಳನ್ನು ಮಾಡಿಸುವವರಿಲ್ಲವಾದರು. ಕಲ್ಕುಟಿಗನಿಗೆ ಉಳಿದುದು ಮೆಟ್ಟಿಲು, ನಾಗನ ಕಲ್ಲು, ಅರೆಯುವ ಕಲ್ಲುಗಳೇ. ಆದರೂ ಆ ಮೂರರ ಬಲದಿಂದಲೇ ಉಳಿಯು ಕೈಯಿಂದ ಕೈಗೆ ದಾಟುತ್ತ ಬಂದಿತು.

ವೇಣೂರಿನ ಪ್ರತಿಷ್ಠೆಯಾಗಿ ೩೬೩ ವರ್ಷಗಳಾದ ಮೇಲೆ, ೧೯೬೭ರಲ್ಲಿ, ಅದೇ ಕಾರ್ಕಳದ ಬಂಡೆಯ ಮೇಲೆ ಮತ್ತೊಮ್ಮೆ ಗೊಮ್ಮಟನಿಗಾಗಿ ಉಳಿ ತಾಗಿತು. ಧರ್ಮಸ್ಥಳದಲ್ಲಿ ಬಾಹುಬಲಿಯನ್ನು ಪ್ರತಿಷ್ಠಿಸಬೇಕೆಂದು ಸಂಕಲ್ಪಿಸಿದವರು ರತ್ನವರ್ಮ ಹೆಗ್ಗಡೆಯವರು. ೧೯೬೮ರಲ್ಲಿ ಅವರು ತೀರಿಕೊಂಡ ಬಳಿಕ ಪುತ್ರರಾದ ವೀರೇಂದ್ರ ಹೆಗ್ಗಡೆಯವರು ಕಾರ್ಯವನ್ನು ನಡೆಸಿದರು. ಕಡೆದವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು. ಕೆಲಸವನ್ನು ಕೈಗೆತ್ತಿಕೊಂಡಾಗ ಅವರು ವೃದ್ಧರು. ೩೯ ಅಡಿಯ ಮೂರ್ತಿಯು ಬಂಡೆಯಿಂದ ಬಿಡುಗಡೆ ಹೊಂದಿದ ಮೇಲೆ, ೧೯೭೩ರಲ್ಲಿ, ಹಲವು ಗಾಲಿಗಳ ಭಾರಿ ವಾಹನದ ಮೇಲೆ ಅದನ್ನು ಧರ್ಮಸ್ಥಳಕ್ಕೆ ಸಾಗಿಸಿದರು. ಸುಮಾರು ೧೭೦ ಟನ್ನು ಭಾರದ ವಿಗ್ರಹವು ಘಟ್ಟದ ಬುಡದ ಕಿರಿದಾರಿಗಳಲ್ಲಿ ಸಾಗಿದಂತೆ ಊರೂರಿನವರು ದಾರಿಯ ಬದಿಯಲ್ಲಿ ನೆರೆದರು. ಹಿಂದೆ ಕಾರ್ಕಳದ ಬಂಡಿಯ ಕಥೆಯನ್ನು ಕೇಳಿದ್ದವರಿಗೆ ಅದು ಕಣ್ಣೆದುರೇ ನಡೆದಂತಾಯಿತು. ೧೯೮೨ರಲ್ಲಿ ರತ್ನಗಿರಿಯ ಮೇಲೆ ಪ್ರತಿಷ್ಠೆ ನೆರವೇರಿತು.

ಕಾರ್ಕಳ, ವೇಣೂರುಗಳಲ್ಲಿ ಕಾಣದ ಒಂದು ಸಂಗತಿಯನ್ನು ಇಲ್ಲಿ ಕಾಣಬಹುದು. ಮಾಡಿಸಿದವರ ಹೆಸರನ್ನು ಹೇಳುವ ಬಾಯಿಯೇ ಮಾಡಿದವರ ಹೆಸರನ್ನೂ ಹೇಳುತ್ತದೆ. ರೆಂಜಾಳ ಗೋಪಾಲ ಶೆಣೈಯವರ ಹೆಸರು ತುಳುನಾಡಿನ ಮಕ್ಕಳಿಗೂ ಗೊತ್ತು. ಬೀರ ಕಲ್ಕುಡನು ದೈವವಾಗಿ ಪಡೆದ ಮನ್ನಣೆಯನ್ನು ಇವರು ಮನುಷ್ಯರಾಗಿದ್ದಾಗಲೇ ಪಡೆದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪ್ರಯೋಜ್ಯನೂ ಪ್ರಥಮೆಗೆ ಬಂದನು.

ಇದರಿಂದ ತೃಪ್ತಿಪಡಬಹುದೇ? ಹೆಸರು ಉಳಿದುದರಿಂದ ಮಾತ್ರ ವಿದ್ಯೆಯು ಉಳಿಯುವುದಿಲ್ಲ. ಕಾರ್ಕಳದ ಶಿಲ್ಪಿಯ ಹೆಸರು ಅಳಿದರೂ ಅವನ ವಿದ್ಯೆಯು ವೇಣೂರನ್ನು ಮುಟ್ಟಿತು; ಏಕೆಂದರೆ ನಡುವೆ ಶಿಷ್ಯರಿದ್ದರು, ಅವರಿಗೆ ನಿತ್ಯದ ಕೆಲಸವಿತ್ತು. ಇಂದು ಹೆಸರನ್ನು ಅಚ್ಚಿನಲ್ಲಿಯೂ ಚಿತ್ರದಲ್ಲಿಯೂ ಕಾಪಾಡುವುದು ಸುಲಭ. ಕಷ್ಟವಾದುದು ನಿತ್ಯದ ಕೆಲಸವನ್ನು ಕಾಪಾಡುವುದು. ಅಡುಗೆಮನೆಯ ಅರೆಯುವ ಕಲ್ಲಿನ ಸ್ಥಾನಕ್ಕೆ ಯಂತ್ರವು ಬಂದಿದೆ. ಮೆಟ್ಟಿಲಿನ ಚಪ್ಪಡಿಯನ್ನು ಗರಗಸದ ಯಂತ್ರವು ಕೊಯ್ದು ನುಣುಪುಮಾಡಿ ಕೊಡುತ್ತದೆ. ಬಾಲಕನು ಕಲಿಯುತ್ತಿದ್ದ ಮೊದಲ ಪಾಠಗಳೇ ಹೀಗೆ ಇಲ್ಲವಾಗುತ್ತಿರುವಾಗ ಅವನು ಕೊನೆಯ ಪಾಠವನ್ನು ತಲುಪುವುದೆಂತು? ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಕಾರ್ಕಳದ ಬಳಿಯ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥ�ೆಯು ಹುಟ್ಟಿಕೊಂಡಿತು. ಕಲ್ಲು, ಮರ, ಲೋಹಗಳ ಕೆಲಸವನ್ನು ಅಲ್ಲಿ ತರುಣರಿಗೆ ಕಲಿಸುವ ವ್ಯವಸ್ಥೆಯಾಯಿತು. ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುತ್ತಿದ್ದ ವಿದ್ಯೆಯು ಶಾಲೆಯಲ್ಲಿ ಗುರುವಿನಿಂದ ಶಿಷ್ಯನಿಗೆ ದಾಟುವಂತಾದುದು ಶುಭಸೂಚನೆಯೇ ಸರಿ. ಆದರೆ ಕಲಿತು ಹೊರಬಂದವನಿಗೆ ಕೆಲಸವನ್ನು ಕೊಡಬೇಕಾದವರು ಊರಿನವರು. ಊರಿನ ಗುಡಿಗೆ ದೀಪದ ಕಂಬವೋ, ಬನಕ್ಕೆ ನಾಗನ ಕಲ್ಲೋ ಬೇಕಾದಾಗ ದೂರದ ಅಂಗಡಿಯಿಂದ ಸಿದ್ಧವಸ್ತುವನ್ನು ತರಿಸುವ ಬದಲು ಸಮೀಪದ ಕಲ್ಕುಟಿಗನ ಮನೆಯ ಬಾಗಿಲಿಗೆ ಹೋಗುವುದು ಅಲ್ಪವಾದ ಕಾರ್ಯವಾಗಿ ತೋರಬಹುದು. ವೀರಪಾಂಡ್ಯನ ಗೊಮ್ಮಟನಿಗೂ ತಿಮ್ಮಣ್ಣ ಅಜಿಲನ ಗೊಮ್ಮಟನಿಗೂ ನಡುವೆ ಸೇತುವೆಯಾದುದು ಇಂತಹ ಅಲ್ಪಕಾರ್ಯಗಳೇ.

ಕಾರ್ಕಳದಲ್ಲಿ ೨೦೧೫ರಲ್ಲಿಯೂ, ಧರ್ಮಸ್ಥಳದಲ್ಲಿ ೨೦೧೯ರಲ್ಲಿಯೂ, ವೇಣೂರಿನಲ್ಲಿ ೨೦೨೪ರಲ್ಲಿಯೂ ಮಹಾಮಸ್ತಕಾಭಿಷೇಕಗಳು ಸಾಂಗವಾಗಿ ನಡೆದುವು. ಹನ್ನೆರಡು ವರ್ಷಗಳಿಗೊಮ್ಮೆ ಬರುವ ಈ ಉತ್ಸವಗಳಲ್ಲಿ ಹಾಲು, ಎಳನೀರು, ಕಬ್ಬಿನ ರಸ, ಅರಿಸಿನ, ಚಂದನಗಳು ಮೂರ್ತಿಯ ಮುಡಿಯಿಂದ ಅಡಿಯವರೆಗೆ ಹರಿದು ಬರುತ್ತವೆ. ಹರಿಯುವ ಆ ಧಾರೆಯು ಹುಬ್ಬಿನ ಏಣಿನಲ್ಲಿ ತಡೆದು, ಕೆನ್ನೆಯಲ್ಲಿ ಜಾರಿ, ತೋಳಿನ ಬಳ್ಳಿಯ ಎಲೆಯೆಲೆಯನ್ನೂ ಸುತ್ತಿ ಇಳಿಯುತ್ತದೆ. ಎಂದೋ ಒಬ್ಬನು ಉಳಿಯಿಂದ ತೋಡಿದ ದಾರಿಯಲ್ಲಿಯೇ ಅದು ಹರಿಯಬೇಕಲ್ಲದೆ ಬೇರೆ ಗತಿಯಿಲ್ಲ. ಮಾಡಿಸಿದವರ ಪುಣ್ಯವನ್ನು ಸ್ಮರಿಸುವ ಆ ಹೊತ್ತಿನಲ್ಲಿ, ಮಾಡಿದವರ ಶ್ರಮಕ್ಕೂ ಒಂದು ಬೊಗಸೆ ನೀರು ಸಂದಿತೆಂದು ನೋಡುವವರು ತಿಳಿದುಕೊಂಡರೆ ಸಾಕು.